ಅಳತೆಪಾತ್ರೆ ತುಂಬಿ ಚೆಲ್ಲಿದ ವರ್ಷ

ಮನೆಮಂದಿಗೆಲ್ಲ ಅವಳು ಮಳೆಲೆಕ್ಕದವಳು. ಮದುವೆಮನೆಗೆ ಹೋದರೂ "ಛತ್ರಿ ತರಬೇಕಿತ್ತೇನೇ?" ಎಂದು ಕಾಲೆಳೆಯುವವರೇ ಜಾಸ್ತಿ. ನಾಳೆ ಮಳೆ ಬರುತ್ತದೋ ಇಲ್ಲವೋ ಹೇಳುವುದು ತನ್ನ ಕೆಲಸವಲ್ಲ, ನೂರು ವರ್ಷಕ್ಕೊಮ್ಮೆ ಬರಬಹುದಾದ ಮಳೆ ಎಷ್ಟು ದೊಡ್ಡದಿರುತ್ತದೆ ಎಂದು ಅಂದಾಜು ಮಾಡುವುದು ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಆ ಅಂದಾಜನ್ನು ನೆಚ್ಚಿಕೊಂಡೇ ಊರಿನ ಮೋರಿ, ಸೇತುವೆಗಳ ಅಳತೆ ನಿಗದಿಯಾಗುತ್ತದೆ.

ಈ ಸಲ ಹೊಸ ಮೋರಿ ಬರುತ್ತಿದ್ದುದು ಅವಳ ಚಿಕ್ಕಮ್ಮನ ಬೀದಿಗೆ. ಊರಿನ ನೀರೆಲ್ಲ ಇಳಿದು ಬರುವ ತಗ್ಗು ಅದು. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಮಳೆ ಹುಚ್ಚೆದ್ದು ಸುರಿದು, ರಸ್ತೆಗಿಂತ ಕೆಳಗಿದ್ದ ಅವರ ಕೋಣೆಗೆ ನೀರು ನುಗ್ಗಿತ್ತು. ಚಿಕ್ಕಪ್ಪ ಅಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಗಿರಾಕಿಗಳ ಯಂತ್ರ ಹಾಳಾಗಬಾರದೆಂದು ಒಂದೊಂದನ್ನೇ ಮೇಜಿನ ಮೇಲೆ ಎತ್ತಿಡುವಷ್ಟರಲ್ಲಿ ಮೆಟ್ಟಿಲ ಮೇಲೆ ತುಂಬಿದ ನೀರು ಹೊರಗಿನಿಂದ ಬಾಗಿಲನ್ನು ಒತ್ತಿ ಹಿಡಿಯಿತು. ಹೊರಗಿದ್ದ ನಾಲ್ಕು ಜನ ಸೇರಿ ಎಳೆದರೂ ಬಾಗಿಲು ತೆರೆಯಲಿಲ್ಲ.

ಹೊಸ ಮೋರಿಗೆ ಹಾಕುವ ಕೊಳವೆಯ ಅಳತೆ ಅವಳ ಕಚೇರಿಯಿಂದ ಹೊರಬಿದ್ದಾಗ ಅವಳಿಗೆ ನಂಬಿಕೆಯಾಗಲಿಲ್ಲ. ಅಷ್ಟು ಸಣ್ಣ ಕೊಳವೆಯೇ? ಲೆಕ್ಕಕ್ಕೆ ಬಳಸಿದ ಮಳೆಯ ಅಂಕಿಗಳನ್ನು ತೆಗೆದು ನೋಡಿದಳು. ಹೆಚ್ಚುಕಡಿಮೆ ಪ್ರತಿ ವರ್ಷದ ಅತಿ ದೊಡ್ಡ ಮಳೆಯೂ ಇತ್ತು, ಚಿಕ್ಕಪ್ಪ ತೀರಿಕೊಂಡ ವರ್ಷದ್ದು ಇರಲಿಲ್ಲ. ಆ ದಿನ ಮಳೆ ಅಳೆಯುವ ಪಾತ್ರೆಯೇ ತುಂಬಿ ಚೆಲ್ಲಿತ್ತು. ಎಷ್ಟು ಬಿತ್ತೆಂದು ತಿಳಿಯದೆ ಜಾಗ ಖಾಲಿ ಬಿಟ್ಟಿದ್ದರು. ಮಳೆಗಾಲದಲ್ಲಿ ಒಂದು ದಿನ ಖಾಲಿ ಇದ್ದರೂ ಆ ವರ್ಷ ಅಪೂರ್ಣ, ಅಪೂರ್ಣ ವರ್ಷವನ್ನು ಕೈಬಿಡಬೇಕು. ಇದು ಕಚೇರಿಯ ನಿಯಮ. ಕೈಬಿಟ್ಟ ಉಳಿದ ವರ್ಷಗಳನ್ನೂ ಹುಡುಕಿದಳು. ಎಲ್ಲವೂ ನೆರೆ ಬಂದ ವರ್ಷಗಳೇ! ಮಳೆ ಎಷ್ಟು ದೊಡ್ಡದೋ ಅಷ್ಟು ಸಲೀಸಾಗಿ ಲೆಕ್ಕದಿಂದ ಆಚೆ. ಇಂಥ ನಿಯಮ ಮಾಡಿದವನ ತಲೆಯಲ್ಲಿ ಏನಿತ್ತೋ ಎಂದು ಅವಳ ಮೈಯೆಲ್ಲ ಉರಿಯಿತು.

ನೇರ ಮೇಲಧಿಕಾರಿಯ ಕೋಣೆಗೆ ಹೋದಳು.

"ಪಾತ್ರೆ ತುಂಬಿ ಚೆಲ್ಲಿದೆ ಅಂದ್ರೆ ಕಡೇಪಕ್ಷ ಪಾತ್ರೆಯಷ್ಟಾದ್ರೂ ಬಂದಿದೆ ಅಂತ ತಾನೇ ಸಾರ್? ಅಷ್ಟನ್ನಾದ್ರೂ ಸೇರಿಸಿ ಲೆಕ್ಕ ಮಾಡೋ ವಿಧಾನ ಇದೆ. ಮಾಡಿ ನೋಡಿದೀನಿ. ಈ ಕೊಳವೆ ಸಾಲಲ್ಲ."

ಅವರು ಕನ್ನಡಕ ಒರೆಸುತ್ತಾ ಕುಳಿತರು. "ಕೊಳವೆಗಳು ಆಗ್ಲೇ ಬಂದು ಬೀದೀಲಿ ಬಿದ್ದಿವೆಯಮ್ಮಾ. ಈಗ ನೀವು ಹೊಸ ಮಳೆ ತರಬೇಡಿ."

ಹೊಸ ಮಳೆಯಂತೆ! ಜೀವ ತೆಗೆದ ಮಳೆ ಇವರಿಗೆ ಹೊಸದು.

ಮಾರನೆಯ ದಿನ ಬೀದಿಯವರ ಸಭೆ ಚಿಕ್ಕಮ್ಮನ ಮನೆ ಮುಂದೆಯೇ ನಡೆಯಿತು. ಮೇಲಧಿಕಾರಿ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಮಾತಾಡಿದರು. "ನೂರು ವರ್ಷಕ್ಕೊಮ್ಮೆ ಬರೋ ಮಳೇನೂ ಈ ಮೋರಿ ತಡ್ಕೊಳ್ಳುತ್ತೆ. ಅಂಥದ್ದು ಒಂದು ಆಗ್ಲೇ ಬಂದು ಹೋಗಿದೆ. ಇನ್ನು ನಮ್ಮ ಕಾಲಕ್ಕೆ ಭಯ ಇಲ್ಲ."

ಅವಳಿಗೆ ತಡೆಯಲಾಗಲಿಲ್ಲ. ಮಳೆಯೇನು ಸರದಿಯಲ್ಲಿ ನಿಂತು ಬರುತ್ತದೆಯೇ? ಒಂದು ವರ್ಷ ಬಂದದ್ದು ಮರುವರ್ಷವೇ ಮತ್ತೆ ಬರಬಹುದು. ಅದಕ್ಕಿಂತ ಹೆಚ್ಚಾಗಿ, ಲೆಕ್ಕದಿಂದ ತೆಗೆದುಹಾಕಿದ ಮಳೆಯನ್ನೇ ಧೈರ್ಯ ಹೇಳಲು ಬಳಸುವ ಭಂಡತನ ಅವಳಿಗೆ ಸಹಿಸಲಾಗಲಿಲ್ಲ. ಎದ್ದು ನಿಂತು, ಯಾವ ಯಾವ ವರ್ಷ ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ, ಎಲ್ಲವನ್ನೂ ಎಲ್ಲರೆದುರು ಹೇಳಿದಳು.

ಮೇಲಧಿಕಾರಿಯ ಮುಖ ಕೆಂಪಾಯಿತು. "ಇವರು ಈ ಮನೆಯ ಸಂಬಂಧಿಕರು. ಸಂಕಟದಲ್ಲಿ ಮಾತಾಡ್ತಿದಾರೆ. ಆ ದಿನದ ಮಳೆಗೆ ನಮ್ಮಲ್ಲಿ ಅಂಕಿಯೇ ಇಲ್ಲ."

ಅಲ್ಲಿಯವರೆಗೆ ಬಾಗಿಲಿಗೊರಗಿ ನಿಂತಿದ್ದ ಚಿಕ್ಕಮ್ಮ ಮುಂದೆ ಬಂದರು. ಗಂಡ ಹೋದ ಮೇಲೆ ನಾಲ್ಕು ಜನರ ನಡುವೆ ಬಾಯಿ ಬಿಟ್ಟವರಲ್ಲ.

"ಅಂಕಿ ಇಲ್ಲ ಅಂದ್ರೆ ಮಳೇನೇ ಇಲ್ಲ ಅಂತ ಹಿಡಿದ್ರಾ ಸ್ವಾಮಿ? ಹಾಗಾದ್ರೆ ನಮ್ಮನೆಯವರು ಯಾವ ನೀರಲ್ಲಿ ಹೋದ್ರು?"

"ಅಮ್ಮಾ, ನಾನು ಹಾಗಂದಿಲ್ಲ. ಈ ಕೊಳವೆ ಸಾಕು, ನನ್ನ ಮಾತು ನಂಬಿ."

"ನಂಬ್ತೀನಿ. ಕೆಳಗಿನ ಕೋಣೆ ಖಾಲಿ ಇದೆ. ಮುಂದಿನ ತಿಂಗಳಿಂದ ಮಳೆಗಾಲ. ಹೆಂಡತಿ ಮಕ್ಕಳನ್ನ ಕರ್ಕೊಂಡು ಬನ್ನಿ, ಮಳೆ ಮುಗಿಯೋವರೆಗೂ ಇಲ್ಲೇ ಇರಿ. ಬಾಡಿಗೆ ಬೇಡ."

ಚಿಕ್ಕಮ್ಮ ಹೋಗಿ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ಹಿಡಿದರು. ಬೀದಿಗೆ ಬೀದಿಯೇ ಮೇಲಧಿಕಾರಿಯನ್ನು ನೋಡಿತು. ಅವರು ಮೊದಲ ಮೆಟ್ಟಿಲ ಬಳಿ ಬಂದು ಒಳಗೆ ಇಣುಕಿದರು. ಕೆಳಗಿಳಿಯಲಿಲ್ಲ.