ಎಂಟು ಹೆಸರು

"ಬೆರಳು ಚುಚ್ಚಿ ರಕ್ತ ತಗೊಂಡಿದ್ರಾ ಅಜ್ಜಿ?" ಎಂದು ಜಿಲ್ಲೆಯಿಂದ ಬಂದಿದ್ದ ಮಲೇರಿಯಾ ಅಧಿಕಾರಿ ಮೋಹಿನಿ ಮೇಡಂ ಕೇಳಿದಾಗ ಪುಟ್ಟಮಾದಮ್ಮ ಮೊದಲು ಶಿವರಾಜುವಿನ ಮುಖ ನೋಡಿದಳು. ಆಮೇಲೆ, "ಊಂ ಕಣವ್ವ, ಚುಚ್ಚುದ್ರು. ಓದ್ ತಿಂಗ್ಳು," ಎಂದಳು.

ಬೆಳಿಗ್ಗೆಯಿಂದ ಇದು ಮೂರನೆಯ ಸುಳ್ಳು. ಮುದ್ದಯ್ಯನೂ ಹಾಗೇ ಹೇಳಿದ್ದ, ಸೌಮ್ಯಳೂ ಹಾಗೇ. ಹೇಳಿ, ಕೊಟ್ಟ ಗುಳಿಗೆಯನ್ನು ನುಂಗಿಯೂ ಆಗಿತ್ತು. ಶಿವರಾಜು ಇವರ್ಯಾರ ಬೆರಳನ್ನೂ ಮುಟ್ಟಿರಲಿಲ್ಲ. ಆದರೆ ಹತ್ತೊಂಬತ್ತು ವರ್ಷ ತಮ್ಮ ತೊಟ್ಟಿ, ಚರಂಡಿಗಳಲ್ಲಿ ಸೊಳ್ಳೆಮರಿ ಹುಡುಕಿಕೊಂಡು ಬಂದ ಆರೋಗ್ಯ ಇಲಾಖೆಯ ಈ ಮನುಷ್ಯನನ್ನು ಹೊರಗಿನವರ ಮುಂದೆ ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಪೂರಿಗಾಲಿಯಿಂದ ಮೂರು ಮೈಲಿಯ ಈ ಊರಿನಲ್ಲಿ ಐದು ವರ್ಷದಿಂದ ಮಲೇರಿಯಾ ಸೊನ್ನೆ. ಸೊನ್ನೆ ಅಂದರೆ ಮೇಲಿನವರು ನಂಬುತ್ತಾರೆಯೇ? ತಿಂಗಳಿಗೆ ಇಷ್ಟು ಎಂದು ರಕ್ತ ಸವರಿದ ಗಾಜು ಕಳಿಸಬೇಕು. ಜ್ವರವೇ ಇಲ್ಲದ ಊರಲ್ಲಿ ಬೆರಳು ಕೊಡುವ ಪುಣ್ಯಾತ್ಮರು ಯಾರು? ಕಳೆದ ತಿಂಗಳು ಎಂಟು ಗಾಜು ಕಡಿಮೆ ಬಿತ್ತು. ಶಿವರಾಜು ತನ್ನ ಬೆರಳನ್ನೇ ಚುಚ್ಚಿಕೊಂಡು ಎಂಟಕ್ಕೂ ಸವರಿ, ಮನೆಪಟ್ಟಿ ನೋಡಿ ಎಂಟು ಹೆಸರು ಬರೆದ. ಮಲೇರಿಯಾ ಇನ್ನೂ ಬಿಡದ ಮಂಗಳೂರಿನ ತಂಗಿ ಮನೆಗೆ ಹೋಗಿ ಬಂದಾಗಿನಿಂದ ಅವನಿಗೆ ಆಗಾಗ ಚಳಿ ಹತ್ತುತ್ತಿತ್ತು. ದಣಿವು ಅಂದುಕೊಂಡು ಮಾತ್ರೆ ನುಂಗಿ ಸುಮ್ಮನಿದ್ದ. ಎಂಟಕ್ಕೆ ಎಂಟರಲ್ಲೂ ಮಲೇರಿಯಾ ಇದೆ ಎಂದು ನಿನ್ನೆ ಲ್ಯಾಬಿನಿಂದ ಫೋನು ಬಂತು.

ಭಯವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಉಂಡ, ಮಲಗಿದ, ಬೆಳಿಗ್ಗೆ ಜೀಪಿನ ಹಿಂದೆ ಬೈಕಿನಲ್ಲಿ ಬಂದ. ನಿಜ ಹೇಳಿದರೆ ಕೆಲಸ ಹೋಗುತ್ತದೆ ಎಂಬುದು ಪಕ್ಕದ ಮನೆಯವರ ಸುದ್ದಿಯ ಹಾಗೆ ತಲೆಯಲ್ಲಿತ್ತು.

"ಹದಿನಾಲ್ಕು ದಿನ ತಪ್ಪದೆ ನುಂಗ್ಬೇಕು," ಎಂದು ಮೇಡಂ ಗುಳಿಗೆಗಳನ್ನು ಮುದುಕಿಯ ಅಂಗೈಗೆ ಹಾಕಿದರು.

"ಮೈಯಾಗೆ ರಕ್ತ್ವೇ ಇಲ್ಲ ಅಂತ ಆಸ್ಪತ್ರೇಲಿ ಅಂದವ್ರೆ. ತಡ್ಕತದಾ ಸಾ?" ಪುಟ್ಟಮಾದಮ್ಮ ಕೇಳಿದ್ದು ಶಿವರಾಜುವನ್ನು. "ನೀವ್ ಯೋಳುದ್ರೆ ನುಂಗ್ತೀನಿ."

ಈ ಗುಳಿಗೆ ಕೆಲವರ ಮೈಯಲ್ಲಿ ಇರುವ ರಕ್ತವನ್ನೂ ಒಡೆಯುತ್ತದೆ, ರಕ್ತ ಕಡಿಮೆ ಇದ್ದವರಿಗೆ ಪ್ರಾಣಕ್ಕೇ ಬರಬಹುದು ಎಂಬುದು ಅವನಿಗೆ ಗೊತ್ತಿತ್ತು. ಮುದುಕಿ ಚೊಂಬು ಎತ್ತಿಕೊಂಡಳು.

"ನುಂಗ್ಬೇಡ ಕಣವ್ವ," ಎಂದ. ಮೇಡಂ ಕಡೆ ಬೆರಳು ಚಾಚಿದ. "ನಂದು ನೋಡಿ ಮೇಡಂ."

ಮೇಡಂ ಅವನನ್ನೇ ದಿಟ್ಟಿಸಿ ನೋಡಿ, ಮಲೇರಿಯಾ ಪರೀಕ್ಷೆಯ ಕಿಟ್ ಬಿಚ್ಚಿ ಚುಚ್ಚಿದರು. ಜಗಲಿಯ ಮೇಲೆ ಮೂವರೂ ಕಾಲು ಗಂಟೆ ಕಾದರು. ಕಿಟ್ಟಿನಲ್ಲಿ ಒಂದು ಗೆರೆ ಮೂಡಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕ ಇನ್ನೊಂದು, ಮಲೇರಿಯಾದ್ದು.

"ಎಂಟೂ ನಿಮ್ದೇನಾ?"

"ಎಂಟೂ ನಂದೇ."

"ಇದನ್ನ ನೀವು ಬರೆದು ಕೊಡ್ಬೇಕಾಗುತ್ತೆ ಶಿವರಾಜು."

"ಬರ್ಕೊಡ್ತೀನಿ ಮೇಡಂ."

ಕೊಟ್ಟ ಗುಳಿಗೆ ನಿಲ್ಲಿಸಲು ಮೇಡಂ ಫೋನು ಹಿಡಿದು ಮುದ್ದಯ್ಯನ ಮನೆಯ ಕಡೆ ಬಿರಬಿರನೆ ನಡೆದರು. ಪುಟ್ಟಮಾದಮ್ಮ ಅಂಗೈಯಲ್ಲಿದ್ದ ಗುಳಿಗೆಗಳನ್ನು ಅವನ ಮುಂದೆ ಹಿಡಿದಳು.

"ಅಂಗಾರೆ ಇವು ನಿಮ್ದೇ ಅಲ್ವಾ ಸಾ. ತಕಳಿ, ಬರೀ ಒಟ್ಟೇಲಿ ನುಂಗ್ಬೇಡಿ, ಒಂದ್ ಮುದ್ದೆ ಉಣ್ಣಿ ಮೊದ್ಲು."

ಅವಳು ಒಳಗೆ ಹೋಗಿ ತಟ್ಟೆ ತೊಳೆಯುವ ಸದ್ದು ಕೇಳಿಸಿತು. ಶಿವರಾಜುವಿಗೆ ಆಗ ಚಳಿ ಹತ್ತಿತು. ಗುಳಿಗೆಗಳು ಬೀಳದ ಹಾಗೆ ಮುಷ್ಟಿ ಬಿಗಿದುಕೊಂಡು ಗೋಡೆಗೆ ಒರಗಿದ.