ಅರ್ಧ ಸುತ್ತು ತಿರುಗಿದ ಹಲಗೆ

ಭಾವನ ಕಣ್ಣಿಗೆ ನಾನು ತಂತಿ ಸುತ್ತುವವಳು, ಅಷ್ಟೇ. ಗಂಡನ ಅಣ್ಣ ಎಂದು ಗೌರವ ಕೊಟ್ಟು ಕೊಟ್ಟು ನನ್ನ ನಾಲಿಗೆ ಸವೆದಿದೆ. ನಮ್ಮ ಕಾರ್ಖಾನೆಯಲ್ಲಿ ತಯಾರಾಗುವ ಎಂಆರ್‌ಐ ಸ್ಕ್ಯಾನಿಂಗ್ ಯಂತ್ರದಲ್ಲಿ ಆಯಸ್ಕಾಂತ ಅವರದು, ಸುರುಳಿ ನನ್ನದು. ಗುಹೆಯಂಥ ಯಂತ್ರದೊಳಗೆ ಹೋದರೆ ಕೆಲವರಿಗೆ ಉಸಿರು ಕಟ್ಟುತ್ತದೆ. ನಮ್ಮತ್ತೆಯೂ ಅಂಥವರೇ. ಅದಕ್ಕೇ ನಮ್ಮದು ತೆರೆದ ಯಂತ್ರ: ಮೇಲೊಂದು ಆಯಸ್ಕಾಂತ, ಕೆಳಗೊಂದು, ನಡುವೆ ಮಲಗುವ ಮನುಷ್ಯ, ಸುತ್ತಲೂ ಗಾಳಿ.

ಆಯಸ್ಕಾಂತದ ಶಕ್ತಿ ಎಲ್ಲ ಕಡೆ ಒಂದೇ ಸಮ ಇದ್ದರೆ ಯಂತ್ರಕ್ಕೆ ಮೂಗು ಎಲ್ಲಿ, ಕಿವಿ ಎಲ್ಲಿ ಗೊತ್ತಾಗುವುದಿಲ್ಲ. ಆ ಶಕ್ತಿಯನ್ನು ಬೇಕಾದ ದಿಕ್ಕಿಗೆ ಒಂದಿಷ್ಟು ಓರೆ ಮಾಡುವುದು ನನ್ನ ಚಪ್ಪಟೆ ಸುರುಳಿಗಳ ಕೆಲಸ. ಒಂದೊಂದು ದಿಕ್ಕಿಗೂ ಒಂದೊಂದು ಜೋಡಿ ಹಲಗೆ, ಹಲಗೆಯ ಮೇಲೆ ತಾಮ್ರದ ಸುಳಿಗಳು. ಸುಳಿ ಎಲ್ಲಿ ಒತ್ತಾಗಿರಬೇಕು, ಎಲ್ಲಿ ಬಿಡಿಯಾಗಿರಬೇಕು ಎಂದು ನಾನು ತಲೆ ಕೆಡಿಸಿಕೊಂಡು ಕೂತಿದ್ದರೆ ಭಾವ ಬಂದು, ಇನ್ನೂ ತೆಳ್ಳಗೆ ಮಾಡು, ನಿನ್ನ ಹಲಗೆ ನನ್ನ ಜಾಗ ತಿನ್ನುತ್ತಿದೆ ಎನ್ನುತ್ತಿದ್ದರು. ಮಾಡಿದೆ. ತೆಳುವಾದ ತಾಮ್ರ ಕಾದು ಕೈ ಸುಡುವ ಹಾಗಾದಾಗ ಅದಕ್ಕೂ ನಾನೇ ಬೈಸಿಕೊಂಡೆ.

ಜೋಡಿಸುವ ದಿನ ನನ್ನನ್ನು ಕರೆಯಲಿಲ್ಲ. ನೀರು ತುಂಬಿದ ಕೊಳವೆಗಳ ಪೆಟ್ಟಿಗೆ ಇಟ್ಟು ಪರೀಕ್ಷಿಸಿದರಂತೆ, ಚಿತ್ರದಲ್ಲಿ ಗೆರೆಗಳೆಲ್ಲ ನೆಟ್ಟಗೆ ಬಂದವಂತೆ. ಅತ್ತೆಯ ತಲೆಯಲ್ಲಿ ಗಡ್ಡೆ ಇರಬಹುದೆಂದು ವೈದ್ಯರು ಹೇಳಿದ್ದರಿಂದ ಮೊದಲು ಅವರನ್ನೇ ಮಲಗಿಸಿದರು. ಗಡ್ಡೆ ಇತ್ತು, ಎಡಗಡೆ. ಭಾವ ಚಿತ್ರವನ್ನು ಆಗಲೇ ಆಸ್ಪತ್ರೆಗೆ ಕಳಿಸಿಬಿಟ್ಟರು. ಮರುದಿನವೇ ಆಪರೇಷನ್ ಎಂದು ನಿಶ್ಚಯವಾಯಿತು.

ಆಮೇಲೆ ನಾನು ಆ ಚಿತ್ರ ನೋಡಿದೆ. ಅತ್ತೆಯ ಬಲಗಿವಿಯ ಹಿಂದೆ, ಕೂದಲಲ್ಲಿ ಮುಚ್ಚಿಹೋಗುವ ಹಳೆಯ ಕೊಬ್ಬಿನ ಗಂಟೊಂದಿದೆ. ದಿನಾ ಅವರ ತಲೆ ಬಾಚುವವಳು ನಾನು. ಚಿತ್ರದಲ್ಲಿ ಅದು ಎಡಗಿವಿಯ ಹಿಂದೆ ಬೆಳ್ಳಗೆ ಕೂತಿತ್ತು.

ಹೋಗಿ ಯಂತ್ರದ ಮುಚ್ಚಳ ತೆಗೆದೆ. ಎಡಬಲದ ದಿಕ್ಕಿನ ಎರಡೂ ಹಲಗೆಗಳನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದ್ದರು. ತಂತಿಗಳು ಹಿಂದುಗಡೆ ಮರೆಯಾದರೆ ನೋಡುವವರಿಗೆ ಚೆಂದವಂತೆ. ಹಾಗೆ ತಿರುಗಿಸಿದರೆ ಶಕ್ತಿಯ ಓರೆ ಉಲ್ಟಾ ಆಗಿ ಚಿತ್ರದಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಎರಡೂ ಕಡೆ ಒಂದೇ ಥರ ಇರುವ ಕೊಳವೆ ಪೆಟ್ಟಿಗೆ ಅದನ್ನು ಹೇಳುವುದಾದರೂ ಹೇಗೆ?

ಭಾವ ಒಪ್ಪಲಿಲ್ಲ. ಎಲ್ಲದರಲ್ಲೂ ಹುಳುಕು ಹುಡುಕುವುದು ನಿನ್ನ ಚಾಳಿ ಎಂದರು. ಅತ್ತೆ ಆಸ್ಪತ್ರೆಗೆ ಹೊರಡಲು ಅಲ್ಲೇ ಕುರ್ಚಿಯಲ್ಲಿ ಕಾಯುತ್ತಿದ್ದರು.

"ಹಾಗಾದ್ರೆ ನೀವೇ ಮಲಗಿ ನೋಡಿ ಭಾವ," ಎಂದೆ.

ತಾಯಿಯ ಎದುರು ಹಿಂದೆ ಸರಿಯಲಾಗದೆ ಮಲಗಿದರು. ಅತ್ತೆಯ ಚೀಲದಲ್ಲಿದ್ದ ಮೀನೆಣ್ಣೆ ಗುಳಿಗೆಯೊಂದನ್ನು ಅವರ ಬಲ ಹುಬ್ಬಿನ ಮೇಲೆ ಅಗಲವಾದ ಟೇಪಿನಿಂದ ಅಂಟಿಸಿದೆ. ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಕಂಡಿತು, ಎಡ ಹುಬ್ಬಿನ ಮೇಲೆ.

"ಇವಳೇ ಗುಳಿಗೇನ ಎಡಗಡೆ ಅಂಟಿಸಿದಾಳೆ," ಎಂದು ಭಾವ ಹೊರಗೆ ಬಂದರು. ಟೇಪು ಇನ್ನೂ ಹಣೆಯ ಮೇಲೇ ಇತ್ತು.

ಅತ್ತೆ ಮಗನ ಮುಖವನ್ನೇ ನೋಡಿದರು. "ಯಾವ ಕಾಲಿಗೆ ಯಾವ ಚಪ್ಪಲಿ ಅಂತ ನಿನಗೆ ಕಲಿಸಿದೋಳು ನಾನು ಕಣೋ. ಟೇಪು ಇರೋದು ಬಲಗಡೆ. ಡಾಕ್ಟ್ರಿಗೆ ಫೋನ್ ಮಾಡು."

ಮಾಡಿದರು. "ಒಂದು ಸಣ್ಣ ತಪ್ಪಾಗಿದೆ ಡಾಕ್ಟ್ರೇ. ನಮ್ಮ ಸುರುಳಿ ಮಾಡೋ ಹುಡುಗಿ ಹಲಗೆ ಉಲ್ಟಾ ಕೂರಿಸಿಬಿಟ್ಟಿದ್ದಾಳೆ. ಗಡ್ಡೆ ಇರೋದು ಬಲಗಡೆ."

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದರೆ ಜಗಳ, ಜಗಳ ಕೇಳಿದರೆ ವೈದ್ಯರಿಗೆ ಗೊಂದಲ. ಅತ್ತೆಯ ತಲೆ ಉಳಿಸಲು ಆ ಕೊನೆಯ ಮಾತೊಂದೇ ಸಾಕಾಗಿತ್ತು. ಹಲಗೆ ಸರಿಪಡಿಸಿ ಹೊಸ ಚಿತ್ರ ಕಳಿಸಿ, ಅಲ್ಲಿಯವರೆಗೆ ಕತ್ತರಿ ಮುಟ್ಟುವುದಿಲ್ಲ ಎಂದರು ವೈದ್ಯರು.

ಭಾವ ಫೋನ್ ಇಟ್ಟು, ಹಣೆ ಮುಂದೆ ಮಾಡಿ, ಈ ಟೇಪು ತೆಗಿ ಎಂದರು.

ನಿಧಾನವಾಗಿ ಬಿಡಿಸಬಹುದಿತ್ತು. ತುದಿ ಹಿಡಿದು ಸರ್ರನೆ ಕಿತ್ತೆ. ಟೇಪಿನ ಜೊತೆ ಅರ್ಧ ಹುಬ್ಬು ಬಂತು. ಬಲಗಡೆಯದು.