ಒಂಬತ್ತು ಣಮೋಕಾರದ ಹೊತ್ತು

ನನ್ನ ಗಂಡನಿಗೆ ಇಬ್ಬರು ಹೆಂಡಿರು ಎಂದು ನಾನು ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದೆ. ಒಬ್ಬಳು ನಾನು, ದಾನೋಳಿಯಿಂದ ಮದುವೆಯಾಗಿ ಬಂದ ಹೀರಾಬಾಯಿ. ಇನ್ನೊಬ್ಬಳಿಗೆ ಮೂರು ಕಾಲು, ಒಂದೇ ಕಣ್ಣು, ತಲೆಯ ಮೇಲೆ ಕರಿಯ ಬಟ್ಟೆ. ಇಚಲಕರಂಜಿಯ ಆ ಓಣಿಯೇ ನಗುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ಒಳಗೆ ಹೊಟ್ಟೆ ಉರಿಯುತ್ತಿತ್ತು. ರಜೆಯ ದಿನ ಬಂತೆಂದರೆ ಅವರು ಕ್ಯಾಮೆರಾದ ಪೆಟ್ಟಿಗೆಯನ್ನು ಎಡ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಅತ್ತೆ ತೀರಿಕೊಂಡಿದ್ದರು, ಮಕ್ಕಳಾಗಿರಲಿಲ್ಲ. ಖಾಲಿ ಮನೆಯಲ್ಲಿ ನಾನು ಕಾಳು ಹಸನು ಮಾಡುತ್ತ ಕೂರಬೇಕಿತ್ತು.

ಅವರ ಹೆಸರು ಜಿನಗೊಂಡ. ಯಂತ್ರದ ಮಗ್ಗಗಳ ಒಂದು ಕಾರಖಾನೆಯಲ್ಲಿ ಮಾಸ್ತರರು. ಮಗ್ಗದ ಸಾಲುಗಳ ನಡುವೆ ದಿನವೆಲ್ಲ ಓಡಾಡಿ, ಎಳೆ ಎಲ್ಲಿ ಕಡಿಯಿತು, ಲಾಳಿ ಎಲ್ಲಿ ಕೆಟ್ಟಿತು ಎಂದು ನೋಡುವುದು ಅವರ ಕೆಲಸ. ಆ ಸದ್ದು ಕಿವಿಯಲ್ಲಿ ಕೂತು ಮನೆಯಲ್ಲೂ ಜೋರಾಗಿಯೇ ಮಾತನಾಡುತ್ತಿದ್ದರು.

“ಅಲ್ಲೆ ಒಂದರ ನಿಂತಿರತೈತೇನ ಹೀರಾ? ಎಲ್ಲಾ ಕುಣೀತಾವ. ನನಗ ನಿಂತದ್ದು ನೋಡಬೇಕನಸ್ತೈತಿ.”

“ನಾನೂ ಇಲ್ಲೇ ನಿಂತೇನಲ್ರಿ, ನನ್ನ ನೋಡ್ರಿ” ಎಂದರೆ ನಕ್ಕುಬಿಡುತ್ತಿದ್ದರು.

ಅವರಿಗೆ ಬೇಕಾದದ್ದು ಗುಡ್ಡ, ಕೆರೆ, ಬಯಲು. ಮನುಷ್ಯರು ಬೇಡ. ಅದಕ್ಕಾಗಿ ಕ್ಯಾಮೆರಾದ ಕಣ್ಣಿನ ದಪ್ಪ ಗಾಜನ್ನು ತೆಗೆದು, ಅಲ್ಲಿ ಸೂಜಿಯಿಂದ ತೂತು ಮಾಡಿದ ಹಿತ್ತಾಳೆಯ ತಗಡು ಕೂರಿಸಿದ್ದರು. ಆ ತೂತಿನಿಂದ ಬೆಳಕು ಹನಿಹನಿಯಾಗಿ ಒಳಗೆ ಬರುತ್ತದೆ. ಒಳಗಿನ ಗಾಜಿನ ಪ್ಲೇಟಿನ ಮೇಲೆ ಚಿತ್ರ ಕೂರುವುದಕ್ಕೆ ಬಹಳ ಹೊತ್ತು ಬೇಕು. ಅಷ್ಟರಲ್ಲಿ ನಡೆದುಹೋದವರ ಗುರುತು ಪ್ಲೇಟಿಗೆ ಹತ್ತುವುದಿಲ್ಲ, ಅಲ್ಲಾಡದೆ ನಿಂತದ್ದು ಮಾತ್ರ ಉಳಿಯುತ್ತದೆ. ಹೀಗೆ ಅವರು ಕೊಲ್ಲಾಪುರದಲ್ಲಿ ಪಂಚಗಂಗೆಯ ಘಾಟಿನ ಚಿತ್ರ ತೆಗೆದಿದ್ದರು. ಜನ ಇರುವೆಯ ಹಾಗೆ ಮುತ್ತಿ ಸ್ನಾನ ಮಾಡುತ್ತಿದ್ದ ಹೊತ್ತು ಅದು. ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಒದ್ದೆ ಮೆಟ್ಟಿಲು ಮಾತ್ರ. ಅದಕ್ಕೆ ಅಲ್ಲಿಯ ಪ್ರದರ್ಶನದಲ್ಲಿ ಪದಕ ಬಂತು. ನನಗೆ ಅದನ್ನು ನೋಡಿದರೆ ಊರಿಗೆ ಊರೇ ಮುಳುಗಿ ಸತ್ತಂತೆ ಅನ್ನಿಸಿ, ಅವರು ಇಲ್ಲದಾಗ ಗೋಡೆಯ ಕಡೆ ತಿರುಗಿಸಿಡುತ್ತಿದ್ದೆ.

ಹೊತ್ತು ಅಳೆಯುವುದಕ್ಕೆ ಅವರ ಹತ್ತಿರ ಗಡಿಯಾರವಿತ್ತು, ಅದನ್ನು ಮುಟ್ಟುತ್ತಿರಲಿಲ್ಲ. ಜೈನರ ಮನೆಯ ಮಕ್ಕಳಿಗೆ ನಡೆಯಲು ಬರುತ್ತಲೇ ಕಾಯೋತ್ಸರ್ಗ ಕಲಿಸುತ್ತಾರೆ. ನೆಟ್ಟಗೆ ನಿಲ್ಲಬೇಕು, ಕೈಗಳನ್ನು ಮೈಗೆ ತಾಗದಂತೆ ಇಳಿಬಿಡಬೇಕು, ಕಣ್ಣು ಮುಚ್ಚಿ ಒಂಬತ್ತು ಸಲ ಣಮೋಕಾರ ಮಂತ್ರ ಹೇಳಬೇಕು. ಅಷ್ಟು ಹೊತ್ತು ಈ ಮೈ ತನ್ನದಲ್ಲ ಎಂದು ಬಿಟ್ಟು ನಿಲ್ಲಬೇಕು. ನನ್ನ ಗಂಡ ಕ್ಯಾಮೆರಾದ ಮುಚ್ಚಳ ತೆಗೆದು ಪಕ್ಕದಲ್ಲಿ ಹಾಗೆ ನಿಲ್ಲುತ್ತಿದ್ದರು. ಒಂಬತ್ತು ಮುಗಿದ ಮೇಲೆ ಮುಚ್ಚಳ ಹಾಕುತ್ತಿದ್ದರು.

“ಕಣ್ಣು ಮುಚ್ಚಿ ಫೋಟೋ ತಗ್ಯಾವ್ರು ನೀವೊಬ್ಬರ ನೋಡ್ರಿ” ಎಂದು ನಾನು ಕಾಡಿಸುತ್ತಿದ್ದೆ.

ಪ್ಲೇಟು ತೊಳೆಯುವಾಗ ಮಾತ್ರ ನಾನು ಬೇಕಾಗುತ್ತಿದ್ದೆ. ಗಾಜಿಗೆ ಬಳಿದ ಅಂಟು ದನದ ಎಲುಬಿನದು ಎಂದು ತಿಳಿದ ದಿನವೇ ಆ ಸಾಮಾನುಗಳನ್ನೆಲ್ಲ ಹಿತ್ತಿಲ ಕಟ್ಟಿಗೆ ಕೋಣೆಗೆ ಸಾಗಿಸಿದ್ದೆ. ಅಲ್ಲಿ ಕಿಟಕಿಗೆ ಕೌದಿ ಕಟ್ಟಿ, ಕೆಂಪು ಗಾಜಿನ ಕಂದೀಲು ಹಚ್ಚಿ, ನಾನು ಚಿತ್ರ ಮೂಡಿಸುವ ಔಷಧದ ತಟ್ಟೆಯನ್ನು ಮೆಲ್ಲಗೆ ತೂಗುತ್ತಿದ್ದೆ. ಮದುವೆಯಾದ ಮೇಲೆ ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತದ್ದು ಆ ಕತ್ತಲೆಯಲ್ಲೇ ಹೆಚ್ಚು. ಸುಳ್ಳೇಕೆ ಹೇಳಲಿ, ನನಗೆ ಅದು ಇಷ್ಟವಾಗಿತ್ತು.

ಎರಡನೆಯ ಮಹಾಯುದ್ಧ ಸುರುವಾದ ವರ್ಷ ಅವರಿಗೆ ಒಂದು ಗುಡ್ಡದ ಹುಚ್ಚು ಹಿಡಿಯಿತು. ಗಡಹಿಂಗ್ಲಜ ದಾಟಿ ನೇಸರಿಯ ದಾರಿಯಲ್ಲಿರುವ ಬೋಳು ಗುಡ್ಡ, ಅದರ ನೆತ್ತಿಯಲ್ಲಿ ಚಪ್ಪಟೆ ಬಂಡೆ. ಗಿಡವಿಲ್ಲ, ಗುಡಿಯಿಲ್ಲ. ಮತ್ತೆ ಮತ್ತೆ ಹೋಗಿ ಅದನ್ನೇ ತೆಗೆದರು, ಕೊಲ್ಲಾಪುರದ ಪ್ರದರ್ಶನಕ್ಕೆ ಈ ಸಲ ಅದೇ ಹೋಗಬೇಕು ಎಂದರು. ಮೊದಲ ಪ್ಲೇಟಿನಲ್ಲಿ ಬಂಡೆಯ ಮೇಲೆ ಎಳ್ಳಿನಷ್ಟು ಒಂದು ಚುಕ್ಕೆ ಬಂತು. ಧೂಳು ಎಂದರು. ಮುಂದಿನ ಸಲ ಅದು ಅಕ್ಕಿಕಾಳಿನಷ್ಟಾಯಿತು. ಕಲ್ಲಿನ ಬಿರುಕು ಎಂದರು. ಅದರ ಮುಂದಿನ ಸಲ ಅದಕ್ಕೆ ತಲೆ ಇತ್ತು, ಮೈಗೆ ತಾಗದಂತೆ ಇಳಿಬಿಟ್ಟ ಕೈಗಳಿದ್ದವು.

“ಯಾವನೋ ಕುರುಬ ಬಂದು ನಿಂತಾನ” ಎಂದರು ಅವರು, ಸಿಟ್ಟಿನಿಂದ.

ನಾನು ಕಂದೀಲು ಹತ್ತಿರ ಹಿಡಿದು ನೋಡಿದೆ. ಪ್ಲೇಟಿನಲ್ಲಿ ಬಿಳಿಯದು ಕಪ್ಪಾಗಿ ಕಾಣುತ್ತದೆ. ಆಕೃತಿ ತಲೆಯಿಂದ ಕಾಲಿನ ತನಕ ಕಪ್ಪಗಿತ್ತು, ಅಂದರೆ ಉಟ್ಟದ್ದೆಲ್ಲ ಬಿಳಿ. ಒಂದು ಹೆಗಲು ಇನ್ನೊಂದಕ್ಕಿಂತ ತಗ್ಗಿತ್ತು. ಪೆಟ್ಟಿಗೆ ಹೊತ್ತು ಹೊತ್ತು ನನ್ನ ಗಂಡನ ಎಡ ಹೆಗಲು ಹೀಗೆಯೇ ಇಳಿದಿತ್ತು, ಅವರ ಅಂಗಿಗೆ ಗುಂಡಿ ಹಚ್ಚುವವಳು ನಾನು, ನನಗೆ ಗೊತ್ತಿಲ್ಲವೇ? ತಟ್ಟೆ ತೂಗುತ್ತಲೇ ಇದ್ದೆ.

ಅಲ್ಲಿಂದ ಮುಂದೆ ಆಕೃತಿ ಪ್ಲೇಟಿನಲ್ಲಿ ಗಟ್ಟಿಯಾಗುತ್ತ ಬಂತು, ಮನೆಯಲ್ಲಿ ಇವರು ತೆಳ್ಳಗಾಗುತ್ತ ಬಂದರು. ಜೋರು ದನಿ ಇಳಿಯಿತು. ಕರೆದರೆ ಬಹಳ ಹೊತ್ತಿನ ಮೇಲೆ, ಎಲ್ಲಿಂದಲೋ ನಡೆದು ಬಂದವರಂತೆ, “ಆಂ?” ಎನ್ನುತ್ತಿದ್ದರು. ಪಲ್ಯಕ್ಕೆ ಉಪ್ಪು ಹಾಕದೆ ಕೊಟ್ಟು ನೋಡಿದೆ, ಸುಮ್ಮನೆ ತಿಂದರು. ನನಗೆ ಭಯ ಹಿಡಿಯಿತು. ಕ್ಯಾಮೆರಾ ಸವತಿಯೆಂದು ನಕ್ಕದ್ದು ಬೇರೆ, ಈ ಗುಡ್ಡ ನನ್ನ ಗಂಡನನ್ನು ಸ್ವಲ್ಪ ಸ್ವಲ್ಪವಾಗಿ ಇಟ್ಟುಕೊಳ್ಳುತ್ತಿದೆ ಎನ್ನುವುದು ಬೇರೆ. ನನಗೆ ಪದಕ ಬೇಡ, ಚಿತ್ರ ಬೇಡ, ನನ್ನ ಗಂಡ ಪೂರ್ತಿಯಾಗಿ ಮನೆಗೆ ಬರಬೇಕಿತ್ತು.

ಯುದ್ಧದಿಂದಾಗಿ ಪ್ಲೇಟು ಸಿಗದಾದವು. ಡಬ್ಬಿಯಲ್ಲಿ ಕೊನೆಯದೊಂದು ಉಳಿದಾಗ ನಾನು ಹಟ ಹಿಡಿದೆ.

“ಇದೊಂದ ತಗೀರಿ, ಆಮ್ಯಾಲೆ ಆ ಗುಡ್ಡದ ಹೆಸರ ಎತ್ತಬ್ಯಾಡ್ರಿ. ಈ ಸಲಾ ನಾನೂ ಬರ್ತೇನಿ.”

“ಬಾ, ಛಲೋ ಆತು” ಎಂದರು. “ನಾನ ಬಂಡೆಗಲ್ಲ ಮ್ಯಾಲ ನಿಲ್ಲತೇನಿ, ನೀ ಮುಚ್ಚಳಾ ತಗಿ. ನನ್ನ ಪಕ್ಕಕ್ಕ ಅದೂ ಬಂದ್ರ ಕಲ್ಲೋ ಮನಶ್ಯಾನೋ ತಿಳದಬಿಡತೈತಿ.”

ನಸುಕಿನ ಮೋಟಾರು ಬಸ್ಸು ಹಿಡಿದು ಹೋದೆವು. ಮೋಡ ಮುಚ್ಚಿದ ದಿನ. ಗುಡ್ಡದ ಬುಡದಲ್ಲಿ ದುಂಡವ್ವ ಎಂಬ ಕುರುಬರ ಹೆಂಗಸು ಕುರಿ ಮೇಯಿಸುತ್ತಿದ್ದಳು. ಇವರನ್ನು ನೋಡಿ ಗುರುತಿನ ನಗೆ ನಕ್ಕು ನನ್ನ ಕಡೆ ತಿರುಗಿದಳು.

“ನಿಮ್ಮ ಯಜಮಾನ್ರೇನ್ರಿ ಅಕ್ಕಾರ? ಭಾಳ ಗಟ್ಟಿ ಮನಶ್ಯಾ ಬಿಡ್ರಿ. ಮಳಿಗಾಲ ಪೂರಾ ಮ್ಯಾಲೆ ನಿಂತಿದ್ರು. ಕಂಬಳಿ ಕೊಡತೇನಿ ಬರ್ರೀ ಅಂತ ಒದರಿದ್ರ ಓ ಅನಲಿಲ್ಲ.”

ಮಳೆಗಾಲ ಪೂರ್ತಿ ಇವರು ಇಚಲಕರಂಜಿ ಬಿಟ್ಟು ಕದಲಿರಲಿಲ್ಲ. ಕಾರಖಾನೆಯಲ್ಲಿ ಆಗ ಕೈತುಂಬ ಕೆಲಸ. ನಾನು ಅವರ ತೋಳು ಹಿಡಿದು, “ತಿರಗಿ ಹೋಗೂನ್ರಿ” ಎಂದೆ.

“ಮುದುಕಿ ಯಾರನ್ನೋ ನೋಡ್ಯಾಳ, ನಡಿ” ಎಂದರು.

ನಾವು ಕ್ಯಾಮೆರಾ ಇಟ್ಟ ದಿಬ್ಬಕ್ಕೂ ಬಂಡೆಗೂ ನಡುವೆ ಒಂದು ತಗ್ಗು, ತುಂಬ ಜಲ್ಲಿಕಲ್ಲು. ಕಾಲಿಟ್ಟರೆ ಗರಗರ ಸದ್ದು. ಇಳಿಯುವ ಮೊದಲು ನನಗೆ ಹೇಳಿದರು:

“ಒಂಬತ್ತು ಮುಗದ ಮ್ಯಾಲ ಮುಚ್ಚಳಾ ಹಾಕಿ, ಬರ್ರೀ ಅಂತ ಒದರು. ನೀ ಒದರೂತನಕಾ ನಾ ಅಲ್ಲಾಡೂದಿಲ್ಲ.”

ಗರಗರ ಸದ್ದು ಮಾಡುತ್ತ ಇಳಿದು ಹತ್ತಿ ಬಂಡೆಯ ಮೇಲೆ ನಿಂತರು. ಬಿಳಿ ಧೋತರ, ಬಿಳಿ ಅಂಗಿ, ಇಳಿದ ಎಡ ಹೆಗಲು. ಪ್ಲೇಟಿನಲ್ಲಿ ಕಂಡದ್ದೇ ಅದು. ಏನೇ ಆಗಲಿ ಕಣ್ಣು ಮುಚ್ಚಬಾರದು ಎಂದು ನಾನು ಜಿನದೇವರ ಆಣೆ ಹಾಕಿಕೊಂಡಿದ್ದೆ. ಮುಚ್ಚಳ ತೆಗೆದು “ಣಮೋ ಅರಿಹಂತಾಣಂ” ಎಂದೆ, ಕಣ್ಣು ತಾವಾಗಿ ಮುಚ್ಚಿಕೊಂಡವು. ಅಜ್ಜಿಯ ತೊಡೆಯ ಮೇಲೆ ಕೂತಾಗಿನಿಂದ ಆ ಮಾತಿಗೆ ಮುಚ್ಚಿದ ಕಣ್ಣುಗಳು ಅವು. ಅದಕ್ಕೆ ನನ್ನನ್ನು ಯಾರೂ ಬೈಯಬೇಕಾಗಿಲ್ಲ. ಮುಚ್ಚಿದವೆಂದು ನನಗೆ ತಿಳಿದದ್ದೂ ಒಂಬತ್ತನೆಯದು ಮುಗಿದು ಅವು ತೆರೆದಾಗಲೇ.

ತೆರೆದಾಗ ಅವರು ನನ್ನ ಪಕ್ಕದಲ್ಲಿದ್ದರು. ಮುಚ್ಚಳ ಅವರೇ ಹಾಕಿದ್ದರು.

“ಸಾಕು, ನಡಿ ಮನಿಗೆ.”

“ನಾ ಇನ್ನೂ ಕರದಿಲ್ಲಲ್ರಿ?”

“ಕರೀದಿದ್ರೇನು, ಬಂದೆ” ಎಂದರು. ಜಲ್ಲಿಕಲ್ಲಿನ ಸದ್ದು ನನಗೆ ಕೇಳಿಸಿರಲಿಲ್ಲ. ಬಂಡೆಯ ಮೇಲೆ ಯಾರೂ ಇರಲಿಲ್ಲ. ಪೆಟ್ಟಿಗೆಯನ್ನು ಅವರು ಬಲ ಹೆಗಲಿಗೆ ಹಾಕಿಕೊಂಡರು.

ದಾರಿಯಲ್ಲಿ ಮೋಟಾರು ಕೆಟ್ಟು ಊರು ಮುಟ್ಟುವಾಗ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಒಲೆ ಇಲ್ಲ, ಊಟ ಇಲ್ಲ. ದೀಪಕ್ಕೆ ಬಂದ ಹುಳ ಅನ್ನದಲ್ಲಿ ಬಿದ್ದು ಸಾಯುತ್ತದೆ ಎಂದು ಹುಟ್ಟಿದಂದಿನಿಂದ ಪಾಲಿಸಿದ ನೇಮ. ಒಮ್ಮೆ ಜ್ವರದಲ್ಲಿ ನಾಲಿಗೆ ಒಣಗಿ ಕಟ್ಟಿಗೆಯಾದರೂ ಇವರು ಬೆಳಗಾಗುವ ತನಕ ಒಂದು ಗುಟುಕು ನೀರು ಮುಟ್ಟಿರಲಿಲ್ಲ. ನಾನು ದೀಪ ಹಚ್ಚಿ ಹಾಸಿಗೆ ಹಾಸಲು ಹೊರಟೆ. ಅವರು ತಾಟಿನ ಮುಂದೆ ಕೂತಿದ್ದರು.

“ಹೀರಾ, ಹಸಿವಾಗೇತಿ. ಹಾಕು.”

“ಹೊತ್ತ ಮುಳಗೇತ್ರಿ.”

“ಮುಳಗಲಿ.”

ಚೇಷ್ಟೆ ಇರಬೇಕೆಂದು ಮುಖ ನೋಡಿದೆ. ಚೇಷ್ಟೆಯಾಗಿರಲಿಲ್ಲ. ಬುತ್ತಿಯಲ್ಲಿ ಉಳಿದಿದ್ದ ಜೋಳದ ಭಕ್ಕರಿ, ತಣ್ಣಗಿನ ಬೇಳೆ ಬಡಿಸಿದೆ. ಒಂದು ಹುಳ ದೀಪಕ್ಕೆ ಬಡಿದು ಬೇಳೆಯಲ್ಲಿ ಬಿತ್ತು. ಇರುವೆ ಕಂಡರೆ ಕಾಲು ಎತ್ತಿ ದಾಟುತ್ತಿದ್ದ ಮನುಷ್ಯ ಅದನ್ನು ಬೆರಳಿನಿಂದ ಅಂಚಿಗೆ ಸರಿಸಿ ಊಟ ಮುಂದುವರಿಸಿದರು.

“ಅಡಿಗಿ ಭಾಳ ಛಲೋ ಆಗೇತಿ” ಎಂದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮಾತು ಕೇಳಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆ! ಈಗ ಕೇಳಿ, ದೀಪ ಎತ್ತಿ ಅವರ ಕಡೆ ಹಿಡಿದೆ. ಗೋಡೆಯ ಮೇಲೆ ಅವರ ನೆರಳು ಬಿದ್ದಿತ್ತು, ಎರಡೂ ಹೆಗಲು ಸರಿಸಮ ಇದ್ದವು.

ಮರುದಿನ ಅವರು ಕಾರಖಾನೆಗೆ ಹೋದ ಮೇಲೆ ನಾನೊಬ್ಬಳೇ ಕಟ್ಟಿಗೆ ಕೋಣೆಗೆ ಹೋಗಿ ಕೌದಿ ಕಟ್ಟಿದೆ. ತಟ್ಟೆ ತೂಗಿದೆ. ಗುಡ್ಡ ಬಂತು, ಬಂಡೆ ಬಂತು. ಬಂಡೆಯ ಮೇಲೆ ನನ್ನ ಗಂಡ ಬಂದರು. ಈ ಸಲ ಕಾಳಿನಷ್ಟಲ್ಲ, ಧೋತರದ ನೆರಿಗೆ ಎಣಿಸುವಷ್ಟು ಸ್ಪಷ್ಟ. ನಡುವೆ ಇಳಿದು ಬಂದಿದ್ದರೆ ಮಸಕಾಗಬೇಕಿತ್ತು. ಒಂದಿಷ್ಟೂ ಮಸಕಿಲ್ಲ. ಎಡ ಹೆಗಲು ತಗ್ಗಿತ್ತು, ಕಣ್ಣು ಮುಚ್ಚಿತ್ತು. ನಾನು ಒದರುವ ತನಕ ಅಲ್ಲಾಡುವುದಿಲ್ಲ ಎಂದಿದ್ದರು, ನಾನು ಒದರಿರಲಿಲ್ಲ. ಆ ಕತ್ತಲೆಯಲ್ಲಿ ಒಬ್ಬಳೇ ಕೂತು ಗೊಳೋ ಎಂದು ಅತ್ತೆ.

ಮುಂದಿನ ರಜೆಯ ದಿನ ಗುಡ್ಡಕ್ಕೆ ಓಡಿದೆ. ದಿಬ್ಬದ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಒದರಿದೆ.

“ಆತ್ರೀ! ಬರ್ರೀ! ನಾ ಕರ್ಯಾಕತ್ತೇನ್ರೀ!”

ಕುರಿಗಳು ತಲೆ ಎತ್ತಿದವು, ಅಷ್ಟೇ. ಬಹುಶಃ ಕರೆಯುವ ಮೊದಲು ಒಂಬತ್ತು ಮುಗಿಯಬೇಕೇನೋ ಎಂದು, ಕ್ಯಾಮೆರಾ ಇದ್ದ ಜಾಗದಲ್ಲಿ ಕೈ ಇಳಿಬಿಟ್ಟು, ಮೈ ಬಿಟ್ಟು ನಿಂತೆ, ಮುಗಿಸಿ ಕರೆದೆ. ಜಲ್ಲಿಕಲ್ಲು ಅಲುಗಲಿಲ್ಲ. ಅದರ ಮುಂದಿನ ರಜೆಗೂ ಹೋದೆ, ಅದರ ಮುಂದಿನದಕ್ಕೂ.

ಮನೆಯಲ್ಲಿರುವವರು ನನಗೆ ಕೇಡು ಮಾಡಿಲ್ಲ, ಅದನ್ನೂ ಹೇಳಬೇಕು. ಕ್ಯಾಮೆರಾ ಮುಟ್ಟುವುದಿಲ್ಲ. ರಜೆಯ ದಿನ ಮನೆಬಿಟ್ಟು ಹೊರಡುವುದಿಲ್ಲ, ಕಾಳು ಹಸನು ಮಾಡಿಕೊಡುತ್ತಾರೆ. ಸಂಜೆ ದೀಪ ಹಚ್ಚಿ ಒಬ್ಬರೇ ಉಣ್ಣುತ್ತಾರೆ.

“ಮತ್ತ ಅದ ಗುಡ್ಡಕ್ಕೇನು ಹೀರಾ?” ಎಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ. “ನಾ ಇಲ್ಲೇ ನಿಂತೇನಲ್ಲ, ನನ್ನ ನೋಡು.”

ನನ್ನದೇ ಮಾತು ಅದು. ಕೇಳಿ ಎದೆ ಚುರ್ ಎನ್ನುತ್ತದೆ, ಆದರೂ ನಸುಕಿನ ಮೋಟಾರು ಹಿಡಿಯುತ್ತೇನೆ.

ಈ ಮಳೆಗಾಲದಲ್ಲಿ ಹೊಳೆ ಏರಿ ದಾರಿ ಮುಚ್ಚಿತ್ತು. ಬಹಳ ದಿನ ಮನೆಯಲ್ಲೇ ಚಡಪಡಿಸಿದೆ. ದಾರಿ ತೆರೆದ ಮೇಲೆ ಹೋದರೆ ದುಂಡವ್ವ ಗುಡ್ಡದ ಬುಡದಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಬೈದೇಬಿಟ್ಟಳು.

“ಅಲ್ರಿ ಅಕ್ಕಾರ, ಗಂಡಸರಿಗಂತೂ ಹುಚ್ಚ, ನಿಮಗೂ ತಿಳೀಬಾರದೇನ್ರಿ? ಅಂಥಾ ಮಳ್ಯಾಗ ಇಬ್ಬರೂ ಬಂಡೆಗಲ್ಲ ಮ್ಯಾಲ ನಿಂತಿದ್ರಿ. ಎಷ್ಟ ಒದರಿದ್ರೂ ಇಬ್ಬರೂ ಓ ಅನಲಿಲ್ಲ.”

ಹೆದರಬೇಕಾಗಿತ್ತು. ನನಗೆ ಹೆದರಿಕೆ ಆಗಲಿಲ್ಲ.

“ನಾ ಅವರ ಯಾವ ಮಗ್ಗಲಕ ನಿಂತಿದ್ದೆ ದುಂಡವ್ವಾ?” ಎಂದು ಕೇಳಿದೆ.

“ಎಡಕ್ರಿ” ಎಂದಳು. “ಹೆಗಲಿಗೆ ಹೆಗಲ ಹಚ್ಚಿ.”

ಈಗ ಅವರು ಅಲ್ಲಿ ಒಬ್ಬರೇ ಅಲ್ಲ. ಆ ದಿನ ನಾನು ಬರ್ರೀ ಎಂದು ಕರೆಯಲಿಲ್ಲ.